ಬೆಕ್ಕುಗಳ ಪ್ಯಾನ್‌ಲ್ಯೂಕೋಪೀನಿಯಾ

ಬೆಕ್ಕುಗಳ ಪ್ಯಾನ್‌ಲ್ಯೂಕೋಪೀನಿಯಾ ಎಂಬುದು ಸಾಕುಬೆಕ್ಕುಗಳಿಗೂ ಬೆಕ್ಕಿನ ಕುಟುಂಬದ ವನ್ಯಪ್ರಾಣಿಗಳಿಗೂ ತಗಲುವ, ತೀವ್ರ ಸ್ವರೂಪದ ಸಾಂಕ್ರಾಮಿಕ ವೈರಸ್ ರೋಗ. ರಕ್ತದಲ್ಲಿನ ಎಲ್ಲ ಬಗೆಯ ಬಿಳಿ ರಕ್ತಕಣಗಳ ಸಂಖ್ಯೆ ಕುಸಿಯುವುದು ಇದರ ಮುಖ್ಯ ಲಕ್ಷಣವಾಗಿದ್ದು, ಹೆಸರು ಇದನ್ನೇ ಸೂಚಿಸುವ ಗ್ರೀಕ್ ಮೂಲದ ಪದವಾಗಿದೆ. ಬೆಕ್ಕಿನ ಡಿಸ್ಟೆಂಪರ್ ಎಂದೂ ಇದನ್ನು ಕರೆಯುವುದುಂಟು. ಆದರೆ ನಾಯಿಗಳ ಡಿಸ್ಟೆಂಪರ್ ರೋಗದ ವೈರಸ್ ಬೇರೆ ಕುಟುಂಬಕ್ಕೆ ಸೇರಿದ್ದು, ಎರಡಕ್ಕೂ ಸಂಬಂಧವಿಲ್ಲ. ಈ ರೋಗವು ಮನುಷ್ಯರಿಗೆ ಹರಡುವುದಿಲ್ಲ. ಲಸಿಕೆ ಪಡೆಯದ ಮರಿಗಳಲ್ಲಿ ಸಾವಿನ ಪ್ರಮಾಣ ಅತಿ ಹೆಚ್ಚು.

ಕಾರಣ

ರೋಗಕ್ಕೆ ಕಾರಣವಾದುದು ಬೆಕ್ಕಿನ ಪಾರ್ವೋವೈರಸ್. ಇದು ಏಕ ಎಳೆಯ ಡಿಎನ್‌ಎ ಹೊಂದಿರುವ ಅತಿ ಸಣ್ಣ ವೈರಸ್. ರೋಗವು ವೈರಸ್‌ನಿಂದ ಉಂಟಾಗುತ್ತದೆ ಎಂಬುದನ್ನು ಫ್ರಾನ್ಸಿನ ಸಂಶೋಧಕರಾದ ವೆರ್ಜ್ ಮತ್ತು ಕ್ರಿಸ್ಟೋಫೊರೊನಿ 1928ರಲ್ಲಿ ತೋರಿಸಿದರು. 1978ರಲ್ಲಿ ಗುರುತಿಸಲಾದ ನಾಯಿಗಳ ಪಾರ್ವೋವೈರಸ್ ಇದರ ಸಮೀಪದ ಸಂಬಂಧಿಯಾಗಿದ್ದು, ಅದರ ಕೆಲವು ಪ್ರಭೇದಗಳು ಬೆಕ್ಕುಗಳಲ್ಲಿಯೂ ಇದೇ ಬಗೆಯ ರೋಗವನ್ನು ಉಂಟುಮಾಡಬಲ್ಲವು.

ಈ ವೈರಸ್‌ಗೆ ಕೊಬ್ಬಿನ ಹೊರಪೊರೆ ಇಲ್ಲ. ಆದ್ದರಿಂದ ಮದ್ಯಸಾರಯುಕ್ತ ಸ್ಯಾನಿಟೈಸರ್ ಹಾಗೂ ಅನೇಕ ಸಾಮಾನ್ಯ ಸೋಂಕುನಿವಾರಕಗಳಿಗೆ ಅದು ಬಗ್ಗುವುದಿಲ್ಲ. ಮನೆಯೊಳಗಿನ ನೆಲ, ಬಟ್ಟೆ, ಪಾತ್ರೆ ಮೊದಲಾದವುಗಳ ಮೇಲೆ ಒಂದು ವರ್ಷದವರೆಗೂ ಸೋಂಕುಕಾರಕವಾಗಿಯೇ ಉಳಿಯಬಲ್ಲದು.

ಹರಡುವ ಬಗೆ

ಸೋಂಕಿತ ಬೆಕ್ಕಿನ ಮಲ, ವಾಂತಿ, ಮೂತ್ರ ಮತ್ತು ಜೊಲ್ಲಿನ ಮೂಲಕ ವೈರಸ್ ಹೊರಬರುತ್ತದೆ. ಮಲದಲ್ಲಿ ಅದು ಚೇತರಿಕೆಯ ನಂತರವೂ ಸುಮಾರು 6 ವಾರಗಳವರೆಗೆ ಕಾಣಿಸಿಕೊಳ್ಳಬಹುದು. ರೋಗಗ್ರಸ್ತ ಬೆಕ್ಕಿನ ನೇರ ಸಂಪರ್ಕವಿಲ್ಲದೆಯೂ ಸೋಂಕು ತಗಲುತ್ತದೆ. ಪಾದರಕ್ಷೆ, ಕೈ, ಉಡುಪು, ಹಾಸಿಗೆ ಹಾಗೂ ಪಂಜರಗಳು ವೈರಸ್‌ನ ವಾಹಕಗಳಾಗುವುದರಿಂದ, ಮನೆಯಿಂದ ಹೊರಗೆ ಹೋಗದ ಬೆಕ್ಕುಗಳೂ ಅಪಾಯದಿಂದ ಮುಕ್ತವಲ್ಲ.

ರೋಗದ ಬೆಳವಣಿಗೆ

ಪಾರ್ವೋವೈರಸ್ ವೃದ್ಧಿಯಾಗಲು ವೇಗವಾಗಿ ವಿಭಜನೆಗೊಳ್ಳುವ ಜೀವಕೋಶಗಳು ಬೇಕು. ಆದ್ದರಿಂದ ಅದು ಅಸ್ಥಿಮಜ್ಜೆ, ದುಗ್ಧರಸ ಗ್ರಂಥಿಗಳು ಮತ್ತು ಸಣ್ಣ ಕರುಳಿನ ಒಳಪದರವನ್ನು ಮುಖ್ಯವಾಗಿ ಆಕ್ರಮಿಸುತ್ತದೆ. ಅಸ್ಥಿಮಜ್ಜೆಯ ಹಾನಿಯಿಂದ ಬಿಳಿ ರಕ್ತಕಣಗಳು ಕಡಿಮೆಯಾಗುತ್ತವೆ. ಕರುಳಿನ ಒಳಪದರ ಕಳಚುವುದರಿಂದ ಭೇದಿಯೂ ನಿರ್ಜಲೀಕರಣವೂ ಉಂಟಾಗುತ್ತವೆ. ಹಾನಿಗೊಂಡ ಕರುಳಿನಿಂದ ಬ್ಯಾಕ್ಟೀರಿಯಾಗಳು ರಕ್ತವನ್ನು ಸೇರಿದಾಗ ಅವನ್ನು ಎದುರಿಸಬೇಕಾದ ಬಿಳಿ ರಕ್ತಕಣಗಳೇ ಇರುವುದಿಲ್ಲ. ನಿರ್ಜಲೀಕರಣ ಮತ್ತು ಈ ರಕ್ತನಂಜು ಸಾವಿಗೆ ಪ್ರಮುಖ ಕಾರಣಗಳು.

ಲಕ್ಷಣಗಳು

ಸೋಂಕು ತಗಲಿದ ಸಾಮಾನ್ಯವಾಗಿ 2ರಿಂದ 10 ದಿನಗಳೊಳಗೆ ಲಕ್ಷಣಗಳು ತೋರುತ್ತವೆ.

- 40 ಡಿಗ್ರಿ ಸೆಲ್ಸಿಯಸ್ ಮೀರುವ ಜ್ವರ
- ಮಂಕುತನ ಮತ್ತು ಆಹಾರ ನಿರಾಕರಣೆ
- ಪದೇ ಪದೇ ವಾಂತಿ, ಅನಂತರ ಭೇದಿ. ಕೆಲವೊಮ್ಮೆ ಭೇದಿಯಲ್ಲಿ ರಕ್ತ
- ನೀರಿನ ಬಟ್ಟಲಿನ ಮುಂದೆ ತಲೆ ಬಾಗಿಸಿ ಕುಳಿತರೂ ನೀರು ಕುಡಿಯಲಾಗದಿರುವುದು

ಕೊನೆಯ ಹಂತದಲ್ಲಿ ದೇಹದ ಉಷ್ಣಾಂಶ ಸಹಜಮಟ್ಟಕ್ಕಿಂತ ಇಳಿಯುತ್ತದೆ. ಎಳೆಯ ಮರಿಗಳು ಯಾವ ಲಕ್ಷಣವೂ ಸ್ಪಷ್ಟವಾಗಿ ಕಾಣುವ ಮೊದಲೇ ಸಾಯುವುದುಂಟು. ಇದರಿಂದಾಗಿ ರೋಗವನ್ನು ವಿಷಪ್ರಾಶನವೆಂದು ತಪ್ಪಾಗಿ ಭಾವಿಸುವುದು ಸಾಮಾನ್ಯ.

ಗರ್ಭಿಣಿ ಬೆಕ್ಕಿಗೆ ಸೋಂಕು ತಗಲಿದರೆ ಗರ್ಭಪಾತವಾಗಬಹುದು. ಗರ್ಭಾವಸ್ಥೆಯ ಕೊನೆಯಲ್ಲಿ ಅಥವಾ ಹುಟ್ಟಿದ ಆರಂಭದ ದಿನಗಳಲ್ಲಿ ಸೋಂಕಿಗೆ ಒಳಗಾದ ಮರಿಗಳ ಕಿರುಮೆದುಳು ಪೂರ್ಣವಾಗಿ ಬೆಳೆಯದೆ, ಅವು ತೂರಾಡುತ್ತ ನಡೆಯುತ್ತವೆ ಮತ್ತು ಅವುಗಳ ತಲೆ ನಡುಗುತ್ತದೆ. ಈ ನ್ಯೂನತೆ ಗುಣವಾಗದಿದ್ದರೂ ಹೆಚ್ಚುವುದೂ ಇಲ್ಲ. ಅಂತಹ ಅನೇಕ ಬೆಕ್ಕುಗಳು ಆರೈಕೆಯಲ್ಲಿ ದೀರ್ಘಕಾಲ ಬದುಕುತ್ತವೆ.

ರೋಗನಿರ್ಣಯ

ರೋಗಲಕ್ಷಣಗಳ ಜೊತೆಗೆ ರಕ್ತಕಣಗಳ ಎಣಿಕೆ ಮತ್ತು ಮಲಪರೀಕ್ಷೆ ಆಧಾರವಾಗುತ್ತವೆ. ನಾಯಿಗಳ ಪಾರ್ವೋವೈರಸ್ ಪತ್ತೆಗೆ ಬಳಸುವ ಕ್ಷಿಪ್ರ ಪರೀಕ್ಷಾ ಕಿಟ್‌ಗಳು ಬೆಕ್ಕಿನ ವೈರಸ್ಸನ್ನೂ ಗುರುತಿಸುತ್ತವೆ. ಆದರೆ ಫಲಿತಾಂಶ ಋಣಾತ್ಮಕವಾಗಿದ್ದ ಮಾತ್ರಕ್ಕೆ ರೋಗವಿಲ್ಲವೆಂದು ಹೇಳಲಾಗದು. ಪಿಸಿಆರ್ ಪರೀಕ್ಷೆ ಹೆಚ್ಚು ಸೂಕ್ಷ್ಮವಾದುದು.

ಚಿಕಿತ್ಸೆ

ವೈರಸ್ಸನ್ನು ನೇರವಾಗಿ ನಾಶಮಾಡುವ ಸಾಮಾನ್ಯ ಬಳಕೆಯ ಔಷಧಿ ಇಲ್ಲ. ರಕ್ತನಾಳದ ಮೂಲಕ ದ್ರವ ಮತ್ತು ಲವಣಗಳನ್ನು ನೀಡುವುದು, ವಾಂತಿ ತಡೆಯುವುದು, ಬ್ಯಾಕ್ಟೀರಿಯಾ ಸೋಂಕಿನ ವಿರುದ್ಧ ಪ್ರತಿಜೀವಕಗಳನ್ನು ಬಳಸುವುದು, ದೇಹವನ್ನು ಬೆಚ್ಚಗಿಡುವುದು ಮತ್ತು ಸಾಧ್ಯವಾದಷ್ಟು ಬೇಗ ಆಹಾರ ಆರಂಭಿಸುವುದು ಚಿಕಿತ್ಸೆಯ ಅಂಗಗಳು. ಆಸ್ಪತ್ರೆಯ ಚಿಕಿತ್ಸೆ ದೊರೆತರೂ ಅರ್ಧದಷ್ಟು ಅಥವಾ ಅದಕ್ಕಿಂತ ಹೆಚ್ಚು ಬೆಕ್ಕುಗಳು ಉಳಿಯದಿರುವುದುಂಟು. ಮೊದಲ 5 ದಿನಗಳನ್ನು ದಾಟಿದ ಬೆಕ್ಕುಗಳು ಚೇತರಿಸಿಕೊಳ್ಳುವ ಸಾಧ್ಯತೆ ಹೆಚ್ಚು. ಗುಣವಾದ ಬೆಕ್ಕುಗಳಿಗೆ ದೀರ್ಘಕಾಲದ ರೋಗನಿರೋಧಕ ಶಕ್ತಿ ಲಭಿಸುತ್ತದೆ.

ಜ್ವರಕ್ಕೆ ಮನುಷ್ಯರು ಬಳಸುವ ಪ್ಯಾರಾಸಿಟಮಾಲ್ ಬೆಕ್ಕುಗಳಿಗೆ ಮಾರಕ ವಿಷ. ಅಲ್ಪ ಪ್ರಮಾಣದಲ್ಲಿಯೂ ಅದನ್ನು ನೀಡಬಾರದು.

ತಡೆಗಟ್ಟುವಿಕೆ

ಲಸಿಕೆಯೇ ಮುಖ್ಯ ರಕ್ಷಣೆ. ಇದನ್ನು ಸಾಮಾನ್ಯವಾಗಿ ಬೆಕ್ಕಿನ ಹರ್ಪಿಸ್‌ವೈರಸ್ ಮತ್ತು ಕ್ಯಾಲಿಸಿವೈರಸ್‌ಗಳ ಲಸಿಕೆಯೊಡನೆ ಸೇರಿಸಿ ನೀಡಲಾಗುತ್ತದೆ. ಮೊದಲ ಚುಚ್ಚುಮದ್ದನ್ನು 6ರಿಂದ 8 ವಾರಗಳ ವಯಸ್ಸಿನಲ್ಲಿ ಕೊಟ್ಟು, ಮರಿಗೆ ಕನಿಷ್ಠ 16 ವಾರ ತುಂಬುವವರೆಗೆ 3–4 ವಾರಗಳಿಗೊಮ್ಮೆ ಪುನರಾವರ್ತಿಸಬೇಕು. ತಾಯಿಯ ಹಾಲಿನಿಂದ ಬಂದ ಪ್ರತಿಕಾಯಗಳು ಲಸಿಕೆಯನ್ನು ನಿಷ್ಫಲಗೊಳಿಸಬಹುದಾದ್ದರಿಂದ ಒಂದೇ ಚುಚ್ಚುಮದ್ದು ಸಾಲದು. ಗರ್ಭಿಣಿ ಬೆಕ್ಕುಗಳಿಗೆ ಜೀವಂತ ವೈರಸ್ ಹೊಂದಿರುವ ಲಸಿಕೆಯನ್ನು ನೀಡುವುದಿಲ್ಲ.

ಸೋಂಕಿತ ಸ್ಥಳವನ್ನು ಮೊದಲು ತೊಳೆದು, ಒಂದು ಭಾಗ ಬ್ಲೀಚಿಂಗ್ ದ್ರಾವಣಕ್ಕೆ 32 ಭಾಗ ನೀರು ಬೆರೆಸಿ ಹಚ್ಚಿ, 10 ನಿಮಿಷ ಬಿಟ್ಟು ಮತ್ತೆ ತೊಳೆಯುವುದು ಪರಿಣಾಮಕಾರಿ. ಮನೆಗಳಲ್ಲಿ ಬಳಸುವ ಫಿನೈಲ್ ಈ ವೈರಸ್ ವಿರುದ್ಧ ನಂಬಲರ್ಹವಲ್ಲ. ಫೀನಾಲ್ ಸಂಯುಕ್ತಗಳು ಬೆಕ್ಕುಗಳಿಗೆ ವಿಷಕಾರಿಯೂ ಹೌದು. ರೋಗ ಕಾಣಿಸಿಕೊಂಡ ಮನೆಗೆ ಲಸಿಕೆ ಪೂರ್ಣಗೊಳ್ಳದ ಹೊಸ ಮರಿಯನ್ನು ತರಬಾರದು.

ವನ್ಯಪ್ರಾಣಿಗಳಲ್ಲಿ

ಹುಲಿ, ಸಿಂಹ, ಚಿರತೆ ಮೊದಲಾದ ಪ್ರಾಣಿಗಳಿಗೂ ಈ ರೋಗ ತಗಲುತ್ತದೆ. 2023ರ ಆಗಸ್ಟ್–ಸೆಪ್ಟೆಂಬರ್ ಅವಧಿಯಲ್ಲಿ ಬೆಂಗಳೂರಿನ ಬನ್ನೇರುಘಟ್ಟ ಜೈವಿಕ ಉದ್ಯಾನದಲ್ಲಿ 7 ಚಿರತೆ ಮರಿಗಳು ಇದಕ್ಕೆ ಬಲಿಯಾದವು. ಮೃಗಾಲಯಗಳ ಸುತ್ತಲಿನ ಬೀದಿಬೆಕ್ಕುಗಳೂ ಸೋಂಕಿನ ಮೂಲವಾಗಬಲ್ಲವಾದ್ದರಿಂದ, ಸಾಕುಬೆಕ್ಕು ಹಾಗೂ ಬೀದಿಬೆಕ್ಕುಗಳಿಗೆ ಲಸಿಕೆ ಹಾಕಿಸುವುದು ವನ್ಯಜೀವಿಗಳ ರಕ್ಷಣೆಗೂ ನೆರವಾಗುತ್ತದೆ.