ಕಿನ್ನಾಳದ ತವರ

ಕೊಪ್ಪಳದ ಹತ್ತಿರದ ಕಿನ್ನಾಳದಲ್ಲಿ ಚಿತ್ರಗಾರರು ತಮ್ಮ ಮರದ ಗೊಂಬೆಗಳಾದ ಗೌರಿಗೂ ಗರುಡನಿಗೂ ಲಾಜವಾರ ಎಂಬ ಹೊಳೆಯುವ ಬಣ್ಣದಲ್ಲಿ ತೊಡಿಸಿದ ಒಡವೆಗಳಲ್ಲಿ ಗುಂಜಿಯಷ್ಟೂ ಚಿನ್ನವಿಲ್ಲ. ಹಗುರ ಮರದ ಮೈಗೆ ಕಿಟ್ಟ ಮೆತ್ತುತ್ತಾರೆ. ನೆನೆಸಿ, ಒಣಗಿಸಿ ಪುಡಿ ಮಾಡಿದ ಗೋಣಿ ಚಿಂದಿ, ಮರದ ಹೊಟ್ಟು, ಹುಣಸೆ ಬೀಜದ ಅಂಟು ಕಲೆಸಿದರೆ ಕಿಟ್ಟ. ಅದರ ಮೇಲೆ ಅರಿವೆಯ ತುಂಡು, ಆಮೇಲೆ ಕಲ್ಲಿನ ಪುಡಿಯ ಲೇಪ. ಸರ, ಡಾಬುಗಳು ಉಬ್ಬಿ ನಿಲ್ಲುವುದೂ ಆ ಲೇಪದಿಂದಲೇ. ಹೊಳಪು ಮಾತ್ರ ತವರದ್ದು. ತವರವನ್ನು ಅಂಟಿನೊಡನೆ ಕುಟ್ಟಿ ಅರೆದು ಬಳಿದು, ಒಣಗಿದ ಮೇಲೆ ಉಜ್ಜಿದರೆ ಬೆಳ್ಳಿ. ಅದರ ಮೇಲೆ ಹಳದಿ ವಾರ್ನಿಷ್ ಎಳೆದರೆ ಬಂಗಾರ.

ಇಂಥ ಕಸುಬು ಕಂಡೊಡನೆ ‘ನಮ್ಮ ಹಿರಿಯರಿಗೆ ನ್ಯಾನೋ ವಿದ್ಯೆ ಗೊತ್ತಿತ್ತು’ ಎನ್ನುವುದು ಈಗಿನ ಚಾಳಿ. ಇದು ಹೊಗಳಿಕೆಯಂತೆ ಕಂಡರೂ ಕಸುಬಿನ ನಿಜವಾದ ಜಾಣ್ಮೆಯನ್ನೇ ಮರೆಸುತ್ತದೆ. ನ್ಯಾನೋ ವಿದ್ಯೆಯ ಒಂದು ಮುಖ್ಯ ದಾರಿ ದೊಡ್ಡದನ್ನು ಕುಟ್ಟಿ ಒಡೆಯುವುದಲ್ಲ, ಅಣುಗಳಿಂದ ಕಟ್ಟುವುದು. ಬೋರಾನ್ ನೈಟ್ರೈಡನ್ನೇ ನೋಡಿ. ಇಂಗ್ಲೆಂಡಿನ ರಸಾಯನಶಾಸ್ತ್ರಜ್ಞ ಬಾಲ್ಮೇನ್ 1842ರಲ್ಲಿ ಬೋರಿಕ್ ಆಮ್ಲದಿಂದ ಅದನ್ನು ಪಡೆದ. ಬೆಂಗಳೂರಿನ ಜಕ್ಕೂರಿನ ಜವಾಹರಲಾಲ್ ನೆಹರು ಸಂಶೋಧನಾ ಕೇಂದ್ರದಲ್ಲಿ ಸಿ.ಎನ್.ಆರ್. ರಾವ್ ಅವರ ತಂಡ 2010ರಲ್ಲಿ ಅದೇ ಬೋರಿಕ್ ಆಮ್ಲಕ್ಕೆ ಯೂರಿಯಾ ಬೆರೆಸಿ ನೈಟ್ರೋಜನ್ ಹರಿಸುತ್ತ ಸುಮಾರು 900 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ, ಕೆಲವೇ ಪದರಗಳಷ್ಟು ತೆಳ್ಳನೆಯ ಹಾಳೆಗಳನ್ನು ತಯಾರಿಸಿತು. ಯೂರಿಯಾ ಒಡೆದು ಅಮೋನಿಯಾ ಹುಟ್ಟುತ್ತದೆ, ಅದರ ನೈಟ್ರೋಜನ್ ಬೋರಾನಿಗೆ ಹೆಣೆದುಕೊಳ್ಳುತ್ತದೆ. ಯೂರಿಯಾ ಹೆಚ್ಚಿದಷ್ಟೂ ಪದರಗಳು ಕಡಿಮೆ. ತೆಳುವನ್ನು ಇಲ್ಲಿ ನಿರ್ಧರಿಸುವುದು ಬೆರಕೆಯ ಪ್ರಮಾಣ. ಕಿನ್ನಾಳದಲ್ಲಿ ತೋಳಿನ ಪೆಟ್ಟು.

ಹಾಗಾದರೆ ಲಾಜವಾರ ಬರೀ ಕೈಕೆಲಸವೇ, ರಸಾಯನದ ತಿಳಿವಳಿಕೆ ಏನೂ ಇಲ್ಲವೇ ಎಂದು ಕೇಳಬಹುದು. ಅದನ್ನೂ ಒಪ್ಪಲಾರೆ. ತವರ ಮೆತ್ತನೆಯ ಲೋಹ. ಬರಿದೇ ಕುಟ್ಟಿದರೆ ಚೂರುಗಳು ಮತ್ತೆ ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ನಡುವೆ ಅಂಟು ಇದ್ದರೆ ಅವು ಬೇರೆಬೇರೆಯಾಗಿಯೇ ಉಳಿದು ಚಪ್ಪಟೆಯಾಗುತ್ತವೆ. ಉಜ್ಜಿದಾಗ ಮೀನಿನ ಹುರುಪೆಯಂತೆ ಮಲಗಿ ಬೆಳಕನ್ನು ಹಿಂದಕ್ಕೆ ಕಳಿಸುತ್ತವೆ. ಹೊಳೆಯಲು ಬೇಕಾದದ್ದು ಚಪ್ಪಟೆತನ. ನ್ಯಾನೋದಷ್ಟು ಸಣ್ಣದಾಗಿದ್ದರೆ ಈ ಕನ್ನಡಿಯೇ ಕೆಡುತ್ತಿತ್ತು. ಕಾರ್ಖಾನೆಗಳಲ್ಲಿ ಅಲ್ಯೂಮಿನಿಯಂ ಬಣ್ಣ ಮಾಡುವಾಗಲೂ ಉಕ್ಕಿನ ಗುಂಡುಗಳು ಉರುಳುವ ಪೀಪಾಯಿಗೆ ಸ್ಟಿಯರಿಕ್ ಆಮ್ಲ ಹಾಕುತ್ತಾರೆ, ಚೂರುಗಳು ಬೆಸೆಯಬಾರದೆಂದೇ. ಲಾಜವಾರದ ನಿಜವಾದ ದಾಯಾದಿ ಈ ಬಣ್ಣ. ಕಿನ್ನಾಳದಲ್ಲಿ ತವರ ಕುಟ್ಟುವ ಸದ್ದು ಕಡಿಮೆಯಾದದ್ದೂ, ಹೊಳೆಯುವ ಬಣ್ಣ ಅಂಗಡಿಯ ಡಬ್ಬಿಗಳಲ್ಲಿ ಸಿಗತೊಡಗಿದ ಮೇಲೆಯೇ.