ನಾಟಿಲಸ್: ಅಣುಶಕ್ತಿಯ ಮೊದಲ ಜಲಾಂತರ್ಗಾಮಿ

ನೀವೀಗ ನಿಂತಿರುವುದು ಟಾರ್ಪಿಡೊ ಕೋಣೆಯಲ್ಲಿ. ಎದುರಿಗಿರುವ ಆರು ಕೊಳವೆಗಳೇ ಈ ನೌಕೆಯ ಆಯುಧ. ಇಲ್ಲಿನ ಇಕ್ಕಟ್ಟಾದ ಮಂಚಗಳಲ್ಲಿ ನಾವಿಕರು ಟಾರ್ಪಿಡೊಗಳ ಮಗ್ಗುಲಲ್ಲೇ ಮಲಗುತ್ತಿದ್ದರು.

ಡೀಸೆಲ್ ಜಲಾಂತರ್ಗಾಮಿಗಳು ಬ್ಯಾಟರಿ ತುಂಬಿಸಿಕೊಳ್ಳಲು, ಗಾಳಿಗಾಗಿ ಪದೇ ಪದೇ ಮೇಲಕ್ಕೆ ಬರಲೇಬೇಕಿತ್ತು. ವೈರಿಯ ಕಣ್ಣಿಗೆ ಬೀಳುತ್ತಿದ್ದುದೂ ಆಗಲೇ. ಅಮೆರಿಕದ ನೌಕಾಪಡೆಯ ಹೈಮನ್ ರಿಕೋವರ್ ಹಟ ಹಿಡಿದು ಕಟ್ಟಿಸಿದ ನಾಟಿಲಸ್ ಆ ಹಂಗನ್ನೇ ಹರಿಯಿತು. ರಿಯಾಕ್ಟರಿನ ಶಾಖಕ್ಕೆ ನೀರು ಹಬೆಯಾಗಿ ಟರ್ಬೈನ್ ತಿರುಗಿಸುತ್ತದೆ. ಅಲ್ಲಿ ಏನೂ ಉರಿಯುವುದಿಲ್ಲ, ಹಾಗಾಗಿ ಗಾಳಿಯೂ ಬೇಡ. 1955ರ ಜನವರಿ 17ರಂದು ಗ್ರಾಟನ್‌ನಿಂದ ಹೊರಟ ನೌಕೆ, 1957ರಲ್ಲಿ ಮೊದಲ ಸಲ ಇಂಧನ ಬದಲಿಸುವಷ್ಟರಲ್ಲಿ 60,000 ಮೈಲಿ ದಾಟಿತ್ತು.

1958ರ ಆಗಸ್ಟ್ 3ರಂದು 116 ಜನರನ್ನು ಹೊತ್ತು, ಹಿಮದಡಿಯಲ್ಲೇ ಸಾಗಿ ಉತ್ತರ ಧ್ರುವ ಮುಟ್ಟಿತು. ಮಾಮೂಲಿ ದಿಕ್ಸೂಚಿಯನ್ನು ನೆಚ್ಚಲಾಗದ ಆ ಜಾಗದಲ್ಲಿ, ಕ್ಷಿಪಣಿಗೆಂದು ರೂಪಿಸಿದ್ದ ಪಥದರ್ಶಕ ಯಂತ್ರ ದಾರಿ ತೋರಿತು. ಎಂಜಿನ್ನಿನಷ್ಟೇ ದೊಡ್ಡ ಸಾಧನೆ ಇದು. ಕೊರತೆಯೂ ಇತ್ತು: ವೇಗ ಹೆಚ್ಚಿದರೆ ಒಡಲು ನಡುಗಿ, ಆ ಸದ್ದಿನಲ್ಲಿ ನೌಕೆಯ ಸೋನಾರ್‌ಗೆ ಏನೂ ಕೇಳಿಸುತ್ತಿರಲಿಲ್ಲ. ಮುಂದಿನ ಜಲಾಂತರ್ಗಾಮಿಗಳು ಈ ಪಾಠ ಕಲಿತು ಮೌನವಾದವು.

1980ರಲ್ಲಿ ನಿವೃತ್ತವಾದ ನೌಕೆ 1986ರಿಂದ ಇಲ್ಲಿ ಸಾರ್ವಜನಿಕರಿಗೆ ತೆರೆದಿದೆ. ಇಂಧನ ಹೊರತೆಗೆದಿದ್ದರೂ ರಿಯಾಕ್ಟರ್ ಇರುವ ಹಿಂಭಾಗಕ್ಕೆ ಪ್ರವೇಶವಿಲ್ಲ.