ಪತ್ತಾಯದ ಹಲಗೆ, ಕಾರಿನ ಐಸಿ

2008ರಲ್ಲಿ ನಾನು ಸುಳ್ಯದಲ್ಲಿ ಬಿಇ ಎರಡನೇ ವರ್ಷ. ಕಲ್ಲುಗುಂಡಿಯಿಂದ ದಿನಾ ಬಸ್ಸು. ಸ್ಕಾಲರ್‌ಶಿಪ್ಪಲ್ಲಿ ಉಳಿಸಿದ 1,500 ರೂಪಾಯಿಗೆ ಮನೆಗೊಂದು ಸ್ಟೀರಿಯೋ ಮಾಡ್ಬೇಕು ಅಂತ ಹಠ ಹಿಡಿದಿದ್ದೆ. ಕೇಳೋಕೆ ಚಂದ ಇರ್ಬೇಕು, ಚಾವಡಿಯಲ್ಲಿಟ್ರೆ ನೋಡೋಕೂ ಚಂದ ಇರ್ಬೇಕು. ಪೇಟೆಯಲ್ಲಿ ರೇಡಿಯೋ ರಿಪೇರಿ ಮಾಡ್ತಿದ್ದ ಅಣ್ಣನ ಹತ್ರ ಕೇಳಿದ್ರೆ ತಲೆ ಎತ್ತದೆ ಒಂದೇ ಮಾತು: "4440 ಹಾಕು, ಸಾಕು."

ನಾನು ಕೇಳಿದ ರಿಪೇರಿಯವರೆಲ್ಲ ಹೇಳಿದ್ದೂ ಅದನ್ನೇ. ಯಾಕೆ 4440 ಅಂತ ನಾನು ಆಗ ಕೇಳಲಿಲ್ಲ. ಬೆಂಗಳೂರಿಗೆ ಬಂದು, ಭಾನುವಾರಗಳಲ್ಲಿ ಎಸ್‌ಪಿ ರೋಡ್ ಸುತ್ತುವ ಚಟ ಹತ್ತಿದ ಮೇಲೆ ಆ ಪ್ರಶ್ನೆ ಬಂತು. ಹುಡುಕ್ತಾ ಹೋದ್ರೆ ಅದರ ಹಿಂದೆ ನಮ್ಮೂರ ಚರಿತ್ರೆಯೇ ಇದೆ.

ಸ್ಟೀರಿಯೋ ಅನ್ನೋದು ಹಳೇ ಸಂಗತಿ. ಇಂಗ್ಲೆಂಡಿನ ಇಎಂಐ ಕಂಪನಿಯ ಇಂಜಿನಿಯರ್ ಅಲನ್ ಬ್ಲಮ್ಲೈನ್ 1931ರಲ್ಲೇ ಇದಕ್ಕೆ ಪೇಟೆಂಟ್ ಅರ್ಜಿ ಹಾಕಿದ್ದ. ಸ್ಟೀರಿಯೋ ರೆಕಾರ್ಡುಗಳು ಅಂಗಡಿಗೆ ಬಂದದ್ದು 1958ರ ಹೊತ್ತಿಗೆ. ಅಷ್ಟರಲ್ಲಿ ಆತ ಇರಲಿಲ್ಲ, 1942ರಲ್ಲಿ ರೇಡಾರ್ ಪರೀಕ್ಷೆಗೆ ಹೋದ ವಿಮಾನ ಬಿದ್ದು ತೀರಿಕೊಂಡಿದ್ದ. ನಮ್ಮ ಕಡೆ ಒಳ್ಳೆ ಧ್ವನಿಯ ಹುಚ್ಚು ಇದ್ದವರು ಅಂದ್ರೆ ಜಯಚಾಮರಾಜ ಒಡೆಯರು. ಅದೇ ಇಎಂಐಯ ನಿರ್ಮಾಪಕ ವಾಲ್ಟರ್ ಲೆಗ್ ಮೈಸೂರಿಗೆ ಬಂದವನು, ಅರಮನೆಯ ರೆಕಾರ್ಡ್ ಸಂಗ್ರಹವನ್ನೂ ಬಗೆಬಗೆಯ ಲೌಡ್‌ಸ್ಪೀಕರುಗಳನ್ನೂ ಕಂಡು ಬೆರಗಾಗಿ ಬರೆದಿಟ್ಟಿದ್ದಾನೆ. ರಷ್ಯನ್ ಸಂಗೀತಗಾರ ಮೆಟ್ನರ್‌ನ ಕೃತಿಗಳು ರೆಕಾರ್ಡ್ ಆದದ್ದು ಒಡೆಯರ ದುಡ್ಡಿನಿಂದ. 1950ರಲ್ಲಿ ಲಂಡನ್ನಿನಲ್ಲಿ ರಿಚರ್ಡ್ ಸ್ಟ್ರಾಸ್‌ನ ಕೊನೆಯ ಹಾಡುಗಳು ಮೊದಲ ಸಲ ಕೇಳಿಸಿದಾಗ ಅದರ ಖರ್ಚಿನ ಹೊಣೆ ಹೊತ್ತವರೂ ಅವರೇ.

ಮೈಸೂರಿನಿಂದ ಮಡಿಕೇರಿ, ಸಂಪಾಜೆ ದಾಟಿ ಬರುವ ಹೆದ್ದಾರಿಯಲ್ಲೇ ಕಲ್ಲುಗುಂಡಿ ಇದೆ. ಆದ್ರೆ ಅರಮನೆಯ ಸ್ಟೀರಿಯೋ ಆ ಘಾಟಿ ಇಳಿದು ಬರಲಿಲ್ಲ. ನಮಗೆ ಅದು ಬಂದದ್ದು ಪಡುವಣದಿಂದ, ಗಲ್ಫಿನಿಂದ.

ಅದಕ್ಕೂ ಮೊದಲು ಇದ್ದದ್ದು ರೇಡಿಯೋ. ಮಂಗಳೂರು ಆಕಾಶವಾಣಿ ಶುರುವಾದದ್ದು 1976ರಲ್ಲಿ. ರೇಡಿಯೋ ಇಟ್ಕೊಳ್ಳೋಕೂ ಲೈಸೆನ್ಸ್ ಬೇಕಿದ್ದ ಕಾಲ, ಪೋಸ್ಟಾಫೀಸಿಗೆ ಹೋಗಿ ಕಟ್ಟಬೇಕಿತ್ತು. ಆಮೇಲೆ ಕಾಸರಗೋಡು, ಪುತ್ತೂರು, ಸುಳ್ಯ ಕಡೆಯಿಂದ ದುಬೈ, ಕುವೈತಿಗೆ ಹೋದವರು ರಜೆಗೆ ಬರುವಾಗ ನ್ಯಾಷನಲ್ ಪ್ಯಾನಸೋನಿಕ್ ಟೂ-ಇನ್-ಒನ್ ಹಿಡ್ಕೊಂಡು ಬರತೊಡಗಿದ್ರು. ಫಿಲಿಪ್ಸ್ 1963ರಲ್ಲಿ ತೋರಿಸಿದ ಪುಟ್ಟ ಕ್ಯಾಸೆಟ್ಟು ಹೀಗೆ ಅಡಿಕೆ ತೋಟದೊಳಗಿನ ಮನೆಗಳಿಗೆ ಬಂತು.

ಕ್ಯಾಸೆಟ್ಟು ಇಲ್ಲಿ ಬೇರೂರಿದ್ದಕ್ಕೆ ನನ್ನದೊಂದು ಲೆಕ್ಕ ಇದೆ. ಹಳೇ ಗ್ರಾಮಫೋನ್ ತಟ್ಟೆಯಲ್ಲಿ ಹಿಡಿಸ್ತಿದ್ದದ್ದು ಮೂರು ನಿಮಿಷ, ಎಲ್‌ಪಿಯ ಒಂದು ಬದಿಯಲ್ಲಿ ಇಪ್ಪತ್ತು ಚಿಲ್ಲರೆ. ಶೇಣಿ ಗೋಪಾಲಕೃಷ್ಣ ಭಟ್ಟರು ವಾಲಿಯಾಗಿ ಒಂದು ವಾದ ಎತ್ತಿಕೊಂಡ್ರೆ ಅಷ್ಟರಲ್ಲಿ ಪೀಠಿಕೆಯೂ ಮುಗಿಯೋದಿಲ್ಲ. ತಾಳಮದ್ದಳೆಗೆ ಬೇಕಿದ್ದದ್ದು ಉದ್ದ. 60, 90 ನಿಮಿಷದ ಕ್ಯಾಸೆಟ್ಟು ಅದನ್ನು ಕೊಟ್ಟಿತು. ನಮ್ಮನೆಯಲ್ಲಿ ಅಪ್ಪ ತಾವೇ ಮೈಕಿನ ಎದುರು ಹಿಡಿದು ರೆಕಾರ್ಡ್ ಮಾಡಿದ ಇಪ್ಪತ್ತಕ್ಕೂ ಹೆಚ್ಚು ಕ್ಯಾಸೆಟ್ಟುಗಳಿದ್ದವು. ಅವನ್ನು ಸರಿಯಾಗಿ ಕೇಳಿಸಬೇಕು ಅನ್ನೋದೇ ನನ್ನ ಹಠದ ಮೂಲ. ಟೂ-ಇನ್-ಒನ್ನಿನ ಅಂಗೈ ಅಗಲದ ಸ್ಪೀಕರಲ್ಲಿ ಚೆಂಡೆ ಹೇಗೋ ಕೇಳ್ತದೆ, ಮದ್ದಳೆಯ ಗುಂಗು ಮಾತ್ರ ಮಾಯ.

ಇನ್ನು 4440. ಎಲ್‌ಎ4440 ಅನ್ನೋದು ಜಪಾನಿನ ಸಾನ್ಯೋ ಕಂಪನಿ ಕಾರಿನ ಸ್ಟೀರಿಯೋಗೆ ಅಂತ ಮಾಡಿದ ಐಸಿ. ಒಂದೇ ಚಿಪ್ಪಿನಲ್ಲಿ ಎರಡು ಚಾನೆಲ್, ಒಂದೊಂದಕ್ಕೆ 6 ವಾಟ್. ಎರಡನ್ನೂ ಒಂದೇ ಸ್ಪೀಕರಿಗೆ ಜೋಡಿಸಿದ್ರೆ 19 ವಾಟ್. ಸುತ್ತ ಹಾಕುವ ಬಿಡಿಭಾಗ ಕಮ್ಮಿ, ಹೊಸಬರೂ ಸುಟ್ಟುಹಾಕದೆ ಜೋಡಿಸಬಹುದು. ಕಾರಿಲ್ಲದ ಊರಿನಲ್ಲಿ ಕಾರಿನ ಐಸಿ ಮನೆ ಹೊಕ್ಕಿದ್ದು ಹೇಗೆ? ಉತ್ತರ 12 ವೋಲ್ಟ್. ನಮ್ಮಲ್ಲಿ ಕರೆಂಟು ಬಂದದ್ದೇ ತಡ, ಬಂದ ಮೇಲೂ ಆಟಿ ತಿಂಗಳಲ್ಲಿ ಮರ ಬಿದ್ದು ಲೈನ್ ತುಂಡಾದ್ರೆ ವಾರಗಟ್ಟಲೆ ಕತ್ತಲು. ಜೀಪಿನ ಬ್ಯಾಟರಿ ತಂದು ಕಟ್ಟಿದ್ರೆ ಪದ್ಯ ಕೇಳ್ತದೆ. ಮುಂದೆ ಬ್ಯಾಟರಿಯ ಜಾಗಕ್ಕೆ ಟ್ರಾನ್ಸ್‌ಫಾರ್ಮರ್ ಬಂತು, ಸರ್ಕ್ಯೂಟು ಮಾತ್ರ ಹಾಗೇ ಉಳೀತು. (ಅಂಗಡಿಯ ಸೆಟ್ಟುಗಳ ಮೇಲೆ "1000 ವಾಟ್ ಪಿಎಂಪಿಒ" ಅಂತ ಬರೆದಿರ್ತಿತ್ತಲ್ಲ, ಅದು ಶುದ್ಧ ಬೊಗಳೆ. ನಮ್ಮ 6 ವಾಟ್ ನಿಜವಾದ 6 ವಾಟ್.)

ಆದ್ರೆ ಐಸಿ ಅರ್ಧ ಕೆಲಸ ಅಷ್ಟೇ, ಉಳಿದರ್ಧ ಪೆಟ್ಟಿಗೆಯದ್ದು. ಸ್ಪೀಕರಿನ ಕಾಗದ ಮುಂದೆ ತಳ್ಳಿದ ಗಾಳಿ ಹಿಂದೆ ಸುತ್ತಿ ಬಂದು ಸೇರಿಕೊಂಡ್ರೆ ದಪ್ಪ ಸ್ವರ ಅಲ್ಲೇ ಸಾಯ್ತದೆ. ಹಿಂದಿನ ಗಾಳಿಯನ್ನು ಕಟ್ಟಿಹಾಕಬೇಕು. ಅದಕ್ಕೆ ನಮ್ಮವರು ಕಂಡ್ಕೊಂಡ ಉಪಾಯ ಮಡಕೆ. ಬಾಯಿಗೆ ಆರಿಂಚಿನ ಸ್ಪೀಕರ್ ಕೂರಿಸಿ, ಸುತ್ತ ಬಟ್ಟೆ ಬಿಗಿದು, ಮೇಲ್ಮುಖ ಮಾಡಿ ಮೂಲೆಯಲ್ಲಿಟ್ಟರೆ ಆಯ್ತು. ಸುಟ್ಟ ಮಣ್ಣು ತೆಳು ಪ್ಲೈವುಡ್ಡಿನ ಹಾಗೆ ನಡುಗೋದಿಲ್ಲ. ಇನ್ನೂ ಚುರುಕಿನವರು ಕುಂಬಾರರಿಗೆ ಹೇಳಿ, ಸುಡುವ ಮೊದಲೇ ಮಡಕೆಯ ಹೊಟ್ಟೆಗೊಂದು ತೂತು ಮಾಡಿಸ್ತಿದ್ರು. ಅಳತೆ ಸರಿಯಾದ್ರೆ ಆ ತೂತಿನ ಗಾಳಿ ತಾನೇ ಗುಂಯ್‌ಗುಟ್ಟಿ ಮದ್ದಳೆಗೆ ಜೊತೆ ಕೊಡ್ತದೆ. ಅಮೆರಿಕದ ಬೆಲ್ ಲ್ಯಾಬಿನ ಆಲ್ಬರ್ಟ್ ಥುರಾಸ್ 1930ರಲ್ಲಿ ಪೇಟೆಂಟಿಗೆ ಹಾಕಿದ ಉಪಾಯವೂ ಇದೇ. ಯಾವ ಸ್ಪೀಕರಿಗೆ ಎಷ್ಟು ದೊಡ್ಡ ಪೆಟ್ಟಿಗೆ, ಎಷ್ಟು ತೂತು ಅಂತ ಲೆಕ್ಕ ಹಾಕುವ ದಾರಿ ತೋರಿಸಿದ್ದು ಆಸ್ಟ್ರೇಲಿಯಾದ ನೆವಿಲ್ ಥೀಲ್, 1961ರಲ್ಲಿ. ನಮ್ಮ ರಿಪೇರಿ ಅಣ್ಣನಿಗೆ ಇವರಿಬ್ಬರ ಹೆಸರೂ ಗೊತ್ತಿರಲಿಲ್ಲ. ಮಡಕೆ ಬದಲಾಯಿಸಿ ಬದಲಾಯಿಸಿ ಕೇಳಿ, ನೋಟ್‌ಬುಕ್ಕಲ್ಲಿ ಬರ್ಕೊಳ್ತಿದ್ದ: ಇಷ್ಟು ಸೇರಿನ ಮಡಕೆ, ಇಷ್ಟಿಂಚು ಸ್ಪೀಕರ್, ತೂತು ಎರಡು ಬೆರಳು.

ನನಗೆ ಮಡಕೆ ಬೇಡವಾಗಿತ್ತು, ಫ್ರೆಂಡ್ಸ್ ನಗ್ತಾರೆ ಅಂತ. ಮನೆಯಲ್ಲಿ ಹಲಸಿನ ಮರದ ಪತ್ತಾಯ ಇತ್ತು. ಗದ್ದೆಗೆ ಅಡಿಕೆ ಇಟ್ಟ ಮೇಲೆ ಅದರಲ್ಲಿ ಭತ್ತ ಇಲ್ಲ, ಹಳೇ ಗೋಣಿ, ಇಲಿ. ಒಳಗಿನ ಅಡ್ಡ ಹಲಗೆಗಳನ್ನು ಬಿಚ್ಚಿದಾಗ ಅಜ್ಜಿ ಬಾಗಿಲಲ್ಲಿ ನಿಂತು, "ಭತ್ತ ಇಡುವ ಪತ್ತಾಯದಲ್ಲಿ ಪದ್ಯ ತುಂಬಿಸ್ತೀಯಾ ಮಾರಾಯ?" ಅಂದ್ರು. ತಮಾಷೆ ಅಂದ್ಕೊಂಡೆ. ಎರಡು ದಿನ ಅವರು ನನ್ನತ್ರ ಮಾತಾಡಲಿಲ್ಲ.

ಆಚಾರಿಗಳು ಕೂಲಿ ತಗೊಳ್ಳದೆ ಎರಡು ಪೆಟ್ಟಿಗೆ ಕೊಯ್ದು ಕೊಟ್ರು. ವೂಫರ್ ಜೋಡಿಗೆ 700, ಟ್ರಾನ್ಸ್‌ಫಾರ್ಮರ್ 250, ಐಸಿ ಬೋರ್ಡು 150, ಟ್ವೀಟರ್ ಎರಡಕ್ಕೆ 80. ಟ್ವೀಟರಿಗೆ ಸಾಲಾಗಿ 4.7 ಮೈಕ್ರೋಫ್ಯಾರಡ್ ಕೆಪಾಸಿಟರ್. 8 ಓಮಿನ ಟ್ವೀಟರಾದ್ರೆ ಅದು ಸುಮಾರು 4,200 ಹರ್ಟ್ಜ್‌ನಿಂದ ಕೆಳಗಿನದನ್ನು ತಡೀತಾ ಹೋಗ್ತದೆ. ಮರಕ್ಕೆ ಬಣ್ಣ ಹಚ್ಚದೆ ಬರೀ ಎಣ್ಣೆ ಉಜ್ಜಿದೆ. ಹಲಸಿನ ಹಳದಿ ಅಷ್ಟು ಚಂದ ಅಂತ ನನಗೆ ಅಲ್ಲಿವರೆಗೆ ಗೊತ್ತಿರಲಿಲ್ಲ.

ಹಾಕಿದ್ರೆ ಮದ್ದಳೆಯೇ ಇಲ್ಲ! ಅಷ್ಟು ಮಾಡಿದ್ದೂ ದಂಡ ಅನ್ನಿಸ್ತು. ಅಣ್ಣ ಬಂದು ಟಾರ್ಚಿನ ಒಂದು ಸೆಲ್ಲನ್ನು ಸ್ಪೀಕರಿನ ವಯರಿಗೆ ಮುಟ್ಟಿಸಿದ. ಒಂದರ ಕಾಗದ ಹೊರಗೆ ಹಾರಿತು, ಇನ್ನೊಂದರದ್ದು ಒಳಗೆ. ನಾನು ಒಂದಕ್ಕೆ ವಯರು ಉಲ್ಟಾ ಕೊಟ್ಟಿದ್ದೆ. ಒಂದು ತಳ್ಳುವಾಗ ಇನ್ನೊಂದು ಎಳೀತಿತ್ತು. ತಿರುಗಿಸಿದ ಮೇಲೆ ಮದ್ದಳೆ ಚಾವಡಿಯ ನಡುವೆ ಬಂದು ಕೂತಿತು. ಅಜ್ಜಿ ಒಳಗಿಂದ ಬಂದು ಕಂಬಕ್ಕೆ ಒರಗಿ ಕೂತ್ರು, ಕ್ಯಾಸೆಟ್ಟು ತಿರುಗಿಸೋಕೆ ಅಂತ ನಾನು ಎದ್ದಾಗ ಮಾತ್ರ ಮಾತಾಡಿದ್ರು: "ಇನ್ನೊಂದು ಬದಿಯೂ ಹಾಕು."

2022ರ ಆಗಸ್ಟಿನಲ್ಲಿ ಪಯಸ್ವಿನಿ ಉಕ್ಕಿ ಕಲ್ಲುಗುಂಡಿ ಪೇಟೆಗೆ ನುಗ್ಗಿತು. ನಮ್ಮ ಮನೆ ಗುಡ್ಡೆ ಮೇಲೆ, ಪೆಟ್ಟಿಗೆಗಳಿಗೆ ಏನೂ ಆಗಲಿಲ್ಲ. ಅಣ್ಣನ ಅಂಗಡಿಗೆ ಕೆಸರು ತುಂಬಿತ್ತು. ನಾನು ಊರಿಗೆ ಹೋದಾಗ ಆ ನೋಟ್‌ಬುಕ್ಕನ್ನು ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಿಟ್ಟಿದ್ದ. ಹಾಳೆಗಳು ಒಂದಕ್ಕೊಂದು ಅಂಟಿ ಇಟ್ಟಿಗೆ ಆಗಿತ್ತು. ಬಿಡಿಸೋಕೆ ಬಂದದ್ದು ಒಂದೇ ಪುಟ, ಅದರಲ್ಲಿ 4440ರ ಸರ್ಕ್ಯೂಟು. ಅದು ಈಗ ಮೊಬೈಲಲ್ಲೇ ಸಿಗ್ತದೆ. ಸಿಗದೇ ಇರೋದು ಮಡಕೆಗಳ ಲೆಕ್ಕ. ಅಣ್ಣನಿಗೆ ಮೂರು ಮಡಕೆಗಳದ್ದು ನೆನಪಿತ್ತು, ಅಲ್ಲೇ ನಿಂತು ಫೋನಲ್ಲಿ ಬರ್ಕೊಂಡೆ. ನಾಲ್ಕನೆಯದಕ್ಕೆ ತೂತು ಎರಡು ಬೆರಳೋ ಮೂರೋ ಅಂತ ಅವನಿಗೆ ಗ್ಯಾರಂಟಿ ಇಲ್ಲ.